ಹಳೆ ಮನೆ ಕೆಡವೋಕೆ ಪರ್ಮಿಷನ್ ಬೇಕಾ? ಸ್ಟ್ರಕ್ಚರಲ್ ಎಂಜಿನಿಯರ್ ಹತ್ರ ಕೇಳಿ

ಪ್ರಶ್ನೆ: ನಮಸ್ಕಾರ ಸರ್. ಅಪ್ಪ ಕಟ್ಟಿಸಿದ ಎರಡು ಅಂತಸ್ತಿನ ಮನೆ ಕೆಡವಿ ಹೊಸದು ಕಟ್ಟಬೇಕು ಅಂತಿದ್ದೇವೆ. ಒಂದು ಕಡೆ ಪಕ್ಕದ ಮನೆಗೂ ನಮಗೂ ಒಂದೇ ಗೋಡೆ. ಕಾಂಟ್ರ್ಯಾಕ್ಟರ್ "ನಿಮ್ಮ ಜಾಗ, ನಿಮ್ಮ ಮನೆ, ಯಾರನ್ನ ಕೇಳಬೇಕು? ಮೂರು ದಿನದಲ್ಲಿ ಮುಗಿಸ್ತೀನಿ" ಅಂತಿದ್ದಾರೆ. ನಿಜವಾಗಲೂ ಅನುಮತಿ ಬೇಕಾ? ಎಲ್ಲಿಂದ ಶುರು ಮಾಡಲಿ?

ಉತ್ತರ: ನಮಸ್ಕಾರ. ಬೇಕು. ಇಡೀ ಕಟ್ಟಡ ಕೆಡವೋದಕ್ಕೆ ಹೆಚ್ಚಿನ ಕಡೆ ಸ್ಥಳೀಯ ಸಂಸ್ಥೆಯ ಪರವಾನಗಿ ಬೇಕೇ ಬೇಕು, ಸ್ವಂತ ಜಾಗ ಆದರೂ ಅಷ್ಟೇ. ನಿಯಮ ಊರಿಂದ ಊರಿಗೆ ಬೇರೆ, ಹಾಗಾಗಿ ನಿಮ್ಮ ಕಚೇರಿಯಲ್ಲಿ ಯಾವ ಯಾವ ಪತ್ರ ಬೇಕು ಅನ್ನೋ ಪಟ್ಟಿಯನ್ನು ಮೊದಲು ಬರಹದಲ್ಲೇ ತಗೊಳ್ಳಿ. ಸಾಮಾನ್ಯವಾಗಿ ಕೇಳೋದು ಮಾಲೀಕತ್ವದ ದಾಖಲೆ, ಕಟ್ಟಡದ ನಕ್ಷೆ, ಹೇಗೆ ಕೆಡವುತ್ತೀರಿ ಅನ್ನೋ ವಿವರ, ಕರೆಂಟ್, ನೀರು, ಗ್ಯಾಸ್ ಕಡಿತ ಆಗಿದೆ ಅನ್ನೋ ಪತ್ರ, ಅವಶೇಷ ಎಲ್ಲಿಗೆ ಹೋಗುತ್ತೆ ಅನ್ನೋ ಮಾಹಿತಿ. ಮನೆ ಮೇಲೆ ಸಾಲ ಇದ್ದರೆ ಬ್ಯಾಂಕಿನ ಒಪ್ಪಿಗೆ ಇಲ್ಲದೆ ಮುಂದಕ್ಕೆ ಹೋಗಬೇಡಿ, ಅದು ಅವರಿಗೆ ಅಡವಿಟ್ಟ ಆಸ್ತಿ. ಪಾರಂಪರಿಕ ಪಟ್ಟಿಯಲ್ಲಿರೋ ಕಟ್ಟಡ ಆದರೆ ದಾರಿನೇ ಬೇರೆ, ಅದನ್ನ ಮೊದಲ ದಿನವೇ ವಿಚಾರಿಸಿ.

ಇನ್ನೊಂದು ವಿಷಯ. ಕೆಡವೋಕೆ ಸಿಕ್ಕ ಅನುಮತಿ ಹೊಸದು ಕಟ್ಟೋಕೆ ಸಿಕ್ಕ ಅನುಮತಿ ಅಲ್ಲ. ಹೊಸ ನಕ್ಷೆ ಮಂಜೂರಾಗೋ ಮೊದಲೇ ಮನೆ ನೆಲಸಮ ಮಾಡಿ, ಖಾಲಿ ಸೈಟ್ ಇಟ್ಟುಕೊಂಡು ಬಾಡಿಗೆ ಮನೆಯಲ್ಲಿ ತಿಂಗಳುಗಟ್ಟಲೆ ಕಾದವರನ್ನ ನೋಡಿದ್ದೀನಿ.

ಪ್ರಶ್ನೆ: ಕರೆಂಟ್ ಮೀಟರ್ ಈಗಾಗಲೇ ಬಿಚ್ಚಿಸಿದ್ದೀವಿ ಸರ್. ಅಷ್ಟು ಸಾಕಲ್ವಾ?

ಉತ್ತರ: ಸಾಲದು! ದಯವಿಟ್ಟು ಇದನ್ನ ಗಮನ ಇಟ್ಟು ಓದಿ. ಮೀಟರ್ ಹೋದರೂ ರಸ್ತೆಯಿಂದ ಗೋಡೆವರೆಗೆ ಬರೋ ಕೇಬಲ್‌ನಲ್ಲಿ ಕರೆಂಟ್ ಇರಬಹುದು. ಒಂದು ಸೈಟ್‌ನಲ್ಲಿ ಬೋರ್ಡ್ ಇದ್ದ ಜಾಗದಲ್ಲಿ ಬರೀ ಎರಡು ತಂತಿ ನೇತಾಡುತ್ತಿದ್ದವು, ಟೇಪ್ ಸುತ್ತಿದ್ದರು. ಟೆಸ್ಟರ್ ಇಟ್ಟರೆ ದೀಪ ಹತ್ತಿತು. ಅವತ್ತು ಮಧ್ಯಾಹ್ನ ಅದೇ ಗೋಡೆಗೆ ಸುತ್ತಿಗೆ ಬೀಳಬೇಕಿತ್ತು. ಕಂಬದಲ್ಲೋ ರಸ್ತೆಯ ಜಾಯಿಂಟ್‌ನಲ್ಲೋ ಕಡಿತ ಆಗಬೇಕು, ಅದಕ್ಕೆ ವಿದ್ಯುತ್ ಕಂಪನಿಯ ಪತ್ರ ಬೇಕು. ಗ್ಯಾಸ್ ಲೈನಿಗೂ ಇದೇ ಮಾತು. ಒಳಚರಂಡಿ ಪೈಪಿಗೆ ಮುಚ್ಚಳ ಹಾಕಿಸಿ, ಇಲ್ಲದಿದ್ದರೆ ಇಟ್ಟಿಗೆ ಚೂರು, ಮಣ್ಣು ಎಲ್ಲ ಹೋಗಿ ರಸ್ತೆಯ ದೊಡ್ಡ ಲೈನ್ ಕಟ್ಟಿಕೊಳ್ಳುತ್ತೆ. ಧೂಳಿಗೆ ನೀರು ಹೊಡೆಯೋಕೆ ತಾತ್ಕಾಲಿಕ ನಲ್ಲಿ ಒಂದು ಉಳಿಸಿಕೊಳ್ಳಿ.

ಈ ಪತ್ರಗಳಿಗೇ ಎಷ್ಟೋ ಸಲ ಜಾಸ್ತಿ ಸಮಯ ಹಿಡಿಯೋದು. ಅರ್ಜಿ ತಡ ಆಯ್ತು ಅಂತ ಪಾಲಿಕೆಯನ್ನ ಬೈತೀವಿ, ಫೈಲ್ ತೆಗೆದು ನೋಡಿದರೆ ನಮ್ಮದೇ ಒಂದು ಪತ್ರ ಕಮ್ಮಿ ಇರುತ್ತೆ.

ಇನ್ನೊಬ್ಬ ಸದಸ್ಯೆ: ನಮ್ಮ ಹಳೆ ಮನೆ ಹಿಂದೆ ಬೂದು ಬಣ್ಣದ ಅಲೆಅಲೆ ಶೀಟ್ ಇದೆ. ಅದನ್ನೂ ಒಟ್ಟಿಗೆ ಒಡೆಸಿಬಿಡಬಹುದಾ ಸರ್?

ಉತ್ತರ: ಬೇಡ ಮೇಡಂ, ಖಂಡಿತ ಒಡೆಸಬೇಡಿ. ಅದು ಆಸ್ಬೆಸ್ಟಾಸ್ ಶೀಟ್ ಇರಬಹುದು. ಮುರಿದಾಗ ಕಣ್ಣಿಗೆ ಕಾಣದ ನಾರು ಗಾಳಿಗೆ ಏಳುತ್ತೆ, ಶ್ವಾಸಕೋಶಕ್ಕೆ ಹೋಗಿ ಕೂರುತ್ತೆ, ಅದರಿಂದ ಬರೋ ಕ್ಯಾನ್ಸರ್ ಎಷ್ಟೋ ಸಲ 20, 30 ವರ್ಷ ಆದಮೇಲೆ ಕಾಣಿಸಿಕೊಳ್ಳುತ್ತೆ. ನೋಡಿ ಹೇಳೋಕಾಗಲ್ಲ, ಚೂರನ್ನ ಲ್ಯಾಬ್‌ಗೆ ಕಳಿಸಬೇಕು, ಆ ಚೂರನ್ನೂ ಗೊತ್ತಿರೋರೇ ತೆಗೀಲಿ. ಹೌದು ಅಂತ ಬಂದರೆ ತರಬೇತಿ ಪಡೆದವರೇ ನೀರು ಹಾಕಿ ಒದ್ದೆ ಮಾಡಿ, ಇಡೀ ಶೀಟಾಗಿ ಇಳಿಸಿ, ದಪ್ಪ ಪ್ಲಾಸ್ಟಿಕ್‌ನಲ್ಲಿ ಸುತ್ತಿ ಸಾಗಿಸಬೇಕು. ಅನೇಕ ದೇಶಗಳಲ್ಲಿ ಈ ತಪಾಸಣೆ ಕಡ್ಡಾಯ. ನಿಮ್ಮಲ್ಲಿ ಯಾರೂ ಕೇಳದಿದ್ದರೂ ಮಾಡಿಸಿ, ಅಲ್ಲಿ ಕೆಲಸ ಮಾಡೋ ಹುಡುಗರ ಜೀವದ ಪ್ರಶ್ನೆ ಇದು.

ಪ್ರಶ್ನೆ: ಪಕ್ಕದ ಮನೆ ಅಂಕಲ್ ಒಪ್ತಾ ಇಲ್ಲ ಸರ್. ಅವರ ಗೋಡೆಯಲ್ಲಿ ಆಗಲೇ ಬಿರುಕಿದೆ, ನಾಳೆ ನಮ್ಮ ತಲೆಗೆ ಕಟ್ತಾರೆ ಅಂತ ಭಯ.

ಉತ್ತರ: ಅವರ ಭಯ ನಿಮ್ಮದಕ್ಕಿಂತ ದೊಡ್ಡದು, ಅಲ್ವಾ? ಅವರ ತೊಲೆಗಳು ಆ ಗೋಡೆ ಮೇಲೇ ಕೂತಿರಬಹುದು. ಹಾಗಿದ್ದರೆ ಗೋಡೆ ಮುಟ್ಟೋ ಹಾಗೇ ಇಲ್ಲ, ನಿಮ್ಮ ಕಡೆ ಚಾವಣಿ ತೆಗೆದಮೇಲೆ ಅದಕ್ಕೆ ಆಸರೆ ಬೇಕು, ಮಳೆ ನೀರು ಇಳಿಯದ ಹಾಗೆ ಹೊದಿಕೆನೂ ಬೇಕು. ಎಂಜಿನಿಯರ್ ಜೊತೆ ಅವರ ಮನೆಗೇ ಹೋಗಿ. ಪ್ರತಿ ಬಿರುಕಿನ ಎರಡೂ ತುದಿಗೆ ಪೆನ್ಸಿಲ್‌ನಲ್ಲಿ ಗೀಟು ಹಾಕಿ, ಪಕ್ಕದಲ್ಲಿ ತಾರೀಖು ಬರೀರಿ, ಸ್ಕೇಲ್ ಇಟ್ಟು ಫೋಟೋ ತೆಗೀರಿ. ಇಬ್ಬರೂ ಸಹಿ ಹಾಕಿ ಒಂದೊಂದು ಪ್ರತಿ ಇಟ್ಟುಕೊಳ್ಳಿ. ಬಿರುಕು ಗೀಟು ದಾಟಿದರೆ ಕೆಲಸ ನಿಲ್ಲಿಸಿ, ಎಂಜಿನಿಯರ್ ಬಂದು ನೋಡೋ ತನಕ ಶುರು ಮಾಡಬೇಡಿ. ಆಮೇಲೂ ಅವರು ಒಪ್ಪದಿದ್ದರೆ ಪಾಲಿಕೆಗೆ ಲಿಖಿತವಾಗಿ ತಿಳಿಸಿ, ನಿಮ್ಮ ನಿಯಮ ಏನು ಹೇಳುತ್ತೆ ಕೇಳಿ.

ಕಾಂಟ್ರ್ಯಾಕ್ಟರ್‌ಗೆ ಒಂದೇ ಪ್ರಶ್ನೆ ಕೇಳಿ: "ಮೊದಲು ಏನು ತೆಗೀತೀರಿ?" ಕಟ್ಟಿದ್ದಕ್ಕೆ ಉಲ್ಟಾ, ಮೇಲಿಂದ ಕೆಳಗೆ ಬರಬೇಕು. ಕೆಳಗಿನ ಕಂಬದಿಂದ ಶುರು ಮಾಡ್ತೀನಿ, ಒಂದೇ ಸಲಕ್ಕೆ ಬೀಳುತ್ತೆ ಅಂದರೆ ಬೇರೆಯವರನ್ನ ಹುಡುಕಿ. ವಿಮೆ ಪತ್ರದ ನಕಲನ್ನೂ ಕೇಳಿ ತಗೊಳ್ಳಿ.

ಪ್ರಶ್ನೆ: ತುಂಬಾ ಥ್ಯಾಂಕ್ಸ್ ಸರ್. ಹಿತ್ತಲಲ್ಲಿ ಹಳೆ ಸಂಪ್ ಒಂದಿದೆ, ಅದಕ್ಕೂ ಹೇಳಬೇಕಾ?

ಉತ್ತರ: ನಕ್ಷೆಯಲ್ಲಿ ಗುರುತು ಮಾಡಿ, ಮೆಷಿನ್ ಓಡಿಸೋರಿಗೆ ಕೈ ಹಿಡಿದು ತೋರಿಸಿ. ಮುಚ್ಚಳದ ಮೇಲೆ ಮಣ್ಣು ಕೂತಿದ್ದರೆ ಅವರಿಗೆ ಕಾಣಲ್ಲ, ಮೆಷಿನ್ ಭಾರಕ್ಕೆ ಕುಸಿಯುತ್ತೆ. ಖಾಲಿ ಮಾಡಿಸಿ ಮಣ್ಣು ತುಂಬಿಸಿ, ಅಲ್ಲೀವರೆಗೆ ಸುತ್ತ ಬೇಲಿ ಕಟ್ಟಿಸಿ.