ಪದಚರ್ಚೆ: ಕಾಡಣಬೆ ಕೈಪಿಡಿಗೆ ‘ಸುಣ್ಣಮಣ್ಣು’, ‘ಬುಡಚೀಲ’, ‘ಹಿಟ್ಟುವಾಸನೆ’

ಪ್ರಶ್ನೆ: ಯುರೋಪಿನ ಸುಣ್ಣಕಲ್ಲು ಸೀಮೆಯ ತಿನ್ನುವ ಕಾಡಣಬೆಗಳ ಕೈಪಿಡಿಯನ್ನು ಕನ್ನಡಕ್ಕೆ ತರುವಾಗ ಕೆಲವು ಪದಗಳು ತೊಡಕಾಗಿವೆ. ‘ಚಾಕಿ ಸಾಯಿಲ್’ ಎಂಬುದಕ್ಕೆ ಸೀಮೆಸುಣ್ಣದ ಮಣ್ಣು, ಚೌಳು ಮಣ್ಣು, ಸುಣ್ಣಮಣ್ಣು ಇವುಗಳಲ್ಲಿ ಯಾವುದು ಸರಿ? ಅಣಬೆಯ ‘ಗಿಲ್’, ‘ವೋಲ್ವಾ’ಗಳಿಗೆ ಏನೆನ್ನಬೇಕು? ‘ಮೀಲಿ’ ವಾಸನೆಗೆ?

ಉತ್ತರ 1: ಚೌಳು ಬೇಡವೇ ಬೇಡ. ಚೌಳು ಸೋಡಿಯಂ ಲವಣಗಳ ಕಾಟ; ಅಂಥ ಮಣ್ಣಿನ ಪಿಎಚ್ 8.5ನ್ನೂ ದಾಟಬಹುದು, ನೀರು ಇಂಗುವುದಿಲ್ಲ. ಇಲ್ಲಿರುವುದು ಕ್ಯಾಲ್ಸಿಯಂ ಕಾರ್ಬೊನೇಟ್. ಪಿಎಚ್ 7ರಿಂದ 8ರ ಆಸುಪಾಸು, ನೀರು ಬೇಗ ಬಸಿದುಹೋಗುತ್ತದೆ. ‘ಸುಣ್ಣಮಣ್ಣು’ ಸಾಕು, ಸುಟ್ಟ ಸುಣ್ಣವಲ್ಲ ಎಂದು ಮೊದಲ ಸಲ ಬಂದಲ್ಲಿ ತಿಳಿಸಿ. ಚಿಟಿಕೆ ಮಣ್ಣಿಗೆ ವಿನೆಗರ್ ಹನಿಸಿದರೆ ಅದು ನೊರೆಗಟ್ಟುತ್ತದೆ. ಮೇಲ್ಪದರದ ಸುಣ್ಣ ಮಳೆಗೆ ತೊಳೆದುಹೋಗಿರುವುದುಂಟು, ಆಗ ಗೇಣು ಕೆಳಗಿನ ಮಣ್ಣನ್ನು ನೋಡಬೇಕು.

‘ಗಿಲ್’ ಎಂದರೆ ಕಿವಿರು, ಟೊಪ್ಪಿಯ ಅಡಿಯ ತೆಳು ಪದರಗಳು; ಅದು ಪಠ್ಯಪುಸ್ತಕಗಳಲ್ಲೇ ಇದೆ. ‘ವೋಲ್ವಾ’ಗೆ, ಅಂದರೆ ಕೆಲವು ಅಣಬೆಗಳ ಕಾಂಡದ ಬುಡವನ್ನು ಸುತ್ತುವ ಚೀಲದಂಥ ಹೊದಿಕೆಗೆ, ‘ಬುಡಚೀಲ’. ಹೆಸರಿಗಿಂತ ಇಲ್ಲಿ ಕ್ರಿಯಾಪದ ಮುಖ್ಯ. ‘ಅಣಬೆ ಕೊಯ್ಯಿರಿ’ ಎಂದು ಬರೆದರೆ ಓದುಗ ನೆಲಮಟ್ಟಕ್ಕೆ ಚಾಕು ಹಾಕುತ್ತಾನೆ, ಚೀಲ ಮಣ್ಣಿನಲ್ಲೇ ಉಳಿಯುತ್ತದೆ. ಅಮನಿಟಾ ಫ್ಯಾಲಾಯ್ಡಿಸ್‌ನಂಥ ಯಕೃತ್ತು ಕೆಡಿಸುವ ಅಣಬೆಯ ದೊಡ್ಡ ಗುರುತೇ ಆ ಚೀಲ, ಮತ್ತು ಅದರ ವಿಷ ಬೇಯಿಸಿದರೂ ಹೋಗದು. ‘ಬುಡಸಮೇತ ಎಬ್ಬಿಸಿ’ ಎನ್ನಿ.

ಉತ್ತರ 2: ‘ಮೀಲಿ’ಗೆ ‘ಹಿಟ್ಟುವಾಸನೆ’ ಒಪ್ಪುತ್ತದೆ, ಒದ್ದೆಯಾದ ಹಸಿ ಹಿಟ್ಟಿನ ವಾಸನೆ ಅದು, ಹುರಿದ ಹಿಟ್ಟಿನದಲ್ಲ. ಆದರೆ ಅದನ್ನೇ ಪರೀಕ್ಷೆಯೆಂದು ಬರೆಯಬೇಡಿ. ಏಪ್ರಿಲ್-ಮೇನಲ್ಲಿ ಸುಣ್ಣಮಣ್ಣಿನ ಹುಲ್ಲುಗಾವಲಲ್ಲಿ ಬಳೆಯಾಕಾರದಲ್ಲಿ ಏಳುವ, ತಿನ್ನುವ ಸೇಂಟ್ ಜಾರ್ಜ್ ಅಣಬೆಗೆ ಈ ವಾಸನೆಯಿದೆ, ವಿಷದ ಎಂಟೊಲೋಮಾ ಸಿನುವೇಟಮ್‌ಗೂ ಇದೆ. ಎಂಟೊಲೋಮಾದ ಎಳೆಯ ಕಿವಿರು ಬಿಳಿಚಾಗಿಯೇ ಇದ್ದು ಆಮೇಲೆ ಗುಲಾಬಿಗೆ ತಿರುಗುವುದರಿಂದ ಕಣ್ಣೂ ಮೋಸಹೋಗುತ್ತದೆ.

ತೀರ್ಮಾನಕ್ಕೆ ಬೇಕಾದದ್ದು ‘ಬೀಜಕದಚ್ಚು’, ಅಂದರೆ ಕಿವಿರಿನಿಂದ ಉದುರಿದ ಬೀಜಕಗಳು (ಸ್ಪೋರ್) ಕಾಗದದ ಮೇಲೆ ಮೂಡಿಸುವ ಬಣ್ಣದ ಗುರುತು. ಬಲಿತ ಟೊಪ್ಪಿಯನ್ನು ಕಾಂಡದಿಂದ ಬೇರ್ಪಡಿಸಿ, ಕಿವಿರು ಕೆಳಗಾಗಿ ಅರ್ಧ ಕಪ್ಪು ಅರ್ಧ ಬಿಳಿ ಕಾಗದದ ಮೇಲಿಟ್ಟು ಲೋಟ ಬೋರಲಾಗಿ ಮುಚ್ಚಿ, ಒಂದು ರಾತ್ರಿ ಬಿಡಿ. ಬರೀ ಬಿಳಿ ಕಾಗದವಾದರೆ ಬಿಳಿ ಅಚ್ಚು ಕಾಣಿಸದೆ ‘ಬಂದಿಲ್ಲ’ ಎನಿಸುತ್ತದೆ. ಟೊಪ್ಪಿ ಒಣಗಿದ್ದರೆ ಅಥವಾ ತೀರಾ ಎಳೆಯದಾಗಿದ್ದರೆ ನಿಜಕ್ಕೂ ಬಾರದು. ಸೇಂಟ್ ಜಾರ್ಜ್‌ನ ಅಚ್ಚು ಬಿಳಿ, ಎಂಟೊಲೋಮಾದ್ದು ಗುಲಾಬಿ. ಕಂದು ಬಂದರೆ ಇನೊಸೈಬಿ ಎರುಬೆಸೆನ್ಸ್ ಇರಬಹುದು: ಅದೂ ಸುಣ್ಣಮಣ್ಣಿನದೇ, ಬೀಚ್ ಎಂಬ ಯುರೋಪಿನ ಕಾಡುಮರದಡಿಯದು, ಉಜ್ಜಿದಲ್ಲಿ ಕೆಂಪಾಗುತ್ತದೆ, ಮಸ್ಕರಿನ್ ವಿಷದಿಂದ ಬೆವರು, ಜೊಲ್ಲು ಕಿತ್ತುಕೊಂಡು ಬರುತ್ತವೆ. ಬಿಳಿ ಅಚ್ಚು ಬಂದರೂ ಅದೊಂದೇ ಸಾಲದು, ಹುಲ್ಲಿನಲ್ಲೇ ಏಳುವ ಕ್ಲೈಟೊಸೈಬಿ ರಿವುಲೋಸಾ ಎಂಬ ವಿಷದಣಬೆಯ ಅಚ್ಚೂ ಬಿಳಿಯೇ.

ಇನ್ನೊಂದು ಮಾತು, ‘ನಾಯಿಕೊಡೆ’ಯನ್ನು ವಿಷದಣಬೆಗೂ ‘ಅಣಬೆ’ಯನ್ನು ತಿನ್ನುವುದಕ್ಕೂ ಮೀಸಲಿಡಬೇಡಿ. ರೂಢಿಯಲ್ಲಿ ಎರಡೂ ಬೆರೆತಿವೆ, ಓದುಗ ಅದನ್ನೇ ನಂಬಿಕೊಂಡಾನು. ‘ವಿಷದಣಬೆ’ ಎಂದು ನೇರವಾಗಿ ಬರೆಯಿರಿ.