ಕಣ್ಣುರೆಪ್ಪೆಯ ಮಚ್ಚೆಗೆ ಯಾವ ಕೋಡ್ ಸರಿ?

ಪ್ರಶ್ನೆ:
ಮಾನ್ಯರೇ, ನಾನು ಬೆಂಗಳೂರಿನಿಂದ ಅಮೆರಿಕದ ಕಣ್ಣಿನ ಚಿಕಿತ್ಸಾಲಯವೊಂದರ ದಾಖಲೆಗಳಿಗೆ ಕೋಡಿಂಗ್ (ರೋಗ, ಚಿಕಿತ್ಸೆಗಳಿಗೆ ನಿಗದಿತ ಸಂಕೇತ ಹಾಕುವ ಕೆಲಸ) ಮಾಡುತ್ತೇನೆ. ರೋಗಿಯ ಬಲಗಣ್ಣಿನ ಮೇಲ್ರೆಪ್ಪೆಯ ಮಚ್ಚೆಯನ್ನು ತೆಗೆದು ಬಯಾಪ್ಸಿಗೆ ಕಳುಹಿಸಿರುವುದಾಗಿ ವೈದ್ಯರು ಬರೆದಿದ್ದಾರೆ. ವರದಿ ಇನ್ನೂ ಬಂದಿಲ್ಲ. ಬಲಗಣ್ಣಿನ ರೆಪ್ಪೆಯ ಮಚ್ಚೆಯ ಕೋಡ್ ಆದ ಡಿ22.11 ಎಂದು ನಮೂದಿಸಿದರೆ ಸಾಫ್ಟ್‌ವೇರ್ ಒಪ್ಪುತ್ತಿಲ್ಲ. ಸ್ವರೂಪ ಖಚಿತವಿಲ್ಲದ ಚರ್ಮದ ಗಡ್ಡೆಯ ಕೋಡ್ ಆದ ಡಿ48.5 ಬಳಸಬಹುದೇ?

ಉತ್ತರ 1:
ಅಮೆರಿಕದಲ್ಲಿ ಬಳಸುವ ರೋಗಗಳ ಕೋಡ್ ಪಟ್ಟಿಯಾದ ಐಸಿಡಿ-10-ಸಿಎಂನಲ್ಲಿ 2018ರ ಅಕ್ಟೋಬರ್ 1ರಿಂದ ಮೇಲಿನ ಮತ್ತು ಕೆಳಗಿನ ರೆಪ್ಪೆಗಳನ್ನು ಬೇರ್ಪಡಿಸಲಾಗಿದೆ, ಹಾಗಾಗಿ ಡಿ22.11 ಎಂದಷ್ಟೇ ಬರೆದರೆ ಅಪೂರ್ಣ. ಬಲ ಮೇಲ್ರೆಪ್ಪೆಗೆ ಡಿ22.111, ಬಲ ಕೆಳರೆಪ್ಪೆಗೆ ಡಿ22.112, ಎಡಗಣ್ಣಿಗೆ ಡಿ22.121 ಮತ್ತು ಡಿ22.122. ಕಣ್ಣಿನ ಮೂಲೆಯ ಮಚ್ಚೆಯೂ ಇದೇ ಗುಂಪಿಗೆ ಸೇರುತ್ತದೆ.

ಉತ್ತರ 2:
ಡಿ48.5 ಖಂಡಿತ ಬೇಡ. ಅದು ವರದಿಗಾಗಿ ಕಾಯುವ ಅವಧಿಗೆಂದು ಇರುವ ಕೋಡ್ ಅಲ್ಲ. ಅಂಗಾಂಶವನ್ನು ಪರೀಕ್ಷಿಸಿದ ಪೆಥಾಲಜಿಸ್ಟ್ ಅವರೇ ಗಡ್ಡೆ ಅಪಾಯಕಾರಿಯೋ ಅಲ್ಲವೋ ನಿರ್ಧರಿಸಲಾಗದು ಎಂದು ಬರೆದಾಗ ಮಾತ್ರ ಅದನ್ನು ಬಳಸಬೇಕು. ಸಾಧ್ಯವಾದರೆ ವರದಿ ಬರುವವರೆಗೆ ಕ್ಲೇಮ್ (ವಿಮಾ ಸಂಸ್ಥೆಗೆ ಕಳುಹಿಸುವ ಬಿಲ್) ತಡೆಹಿಡಿಯಿರಿ. ಮೆಲನೋಮ (ಒಂದು ಬಗೆಯ ಚರ್ಮದ ಕ್ಯಾನ್ಸರ್) ಎಂದಾದರೆ ಸಿ43.111 ಆಗುತ್ತದೆ, ಸೆಬೊರಿಕ್ ಕೆರಟೋಸಿಸ್ (ಚರ್ಮದ ಮೇಲಿನ ನಿರಪಾಯಕಾರಿ ಬೆಳವಣಿಗೆ) ಎಂದಾದರೆ ಗಡ್ಡೆಗಳ ಅಧ್ಯಾಯವನ್ನೇ ಬಿಟ್ಟು ಎಲ್82ಕ್ಕೆ ಹೋಗಬೇಕಾಗುತ್ತದೆ. ಕಪ್ಪಗಿರುವುದನ್ನೆಲ್ಲ ಮಚ್ಚೆ ಎಂದು ಬರೆದುಬಿಡುವ ವೈದ್ಯರೇನೂ ಕಡಿಮೆಯಿಲ್ಲ.

ಪ್ರಶ್ನಿಸಿದವರು:
ಧನ್ಯವಾದಗಳು. ‘ಮೆಲನೋಮ ಶಂಕೆ’ ಎಂದು ಟಿಪ್ಪಣಿಯಲ್ಲಿದ್ದರೆ?

ಉತ್ತರ 2:
ಹೊರರೋಗಿಗಳ ದಾಖಲೆಯಲ್ಲಿ ಶಂಕೆಯನ್ನು ಖಚಿತ ರೋಗವೆಂದು ಕೋಡ್ ಮಾಡುವಂತಿಲ್ಲ. ಇನ್ನೊಂದು ಮಾತು: ಶಸ್ತ್ರಚಿಕಿತ್ಸೆಯ ಕೋಡ್‌ಗೆ ಬಲ ಮೇಲ್ರೆಪ್ಪೆಯನ್ನು ಸೂಚಿಸುವ ಇ3 ಮಾಡಿಫೈಯರ್ (ಕೋಡ್‌ಗೆ ಜೋಡಿಸುವ ಹೆಚ್ಚುವರಿ ಸಂಕೇತ) ಸೇರಿಸಿ. ರೋಗದ ಕೋಡ್ ಒಂದು ರೆಪ್ಪೆಯನ್ನೂ ಮಾಡಿಫೈಯರ್ ಇನ್ನೊಂದನ್ನೂ ತೋರಿಸಿದರೆ ಕ್ಲೇಮ್ ತಿರಸ್ಕೃತವಾಗಬಹುದು.