ಹೆಸರು ಬಾಯಿಗೆ ಬರಲ್ಲ: ವಯಸ್ಸೋ, ಕಾಯಿಲೆಯೋ?

ಪ್ರಶ್ನೆ: ಅಪ್ಪನಿಗೆ 71. ಹಳೇ ಸಹೋದ್ಯೋಗಿಯ ಊರು, ಹುದ್ದೆ, ಮಕ್ಕಳ ವಿಚಾರ ಎಲ್ಲ ಹೇಳ್ತಾರೆ, ಹೆಸರು ಮಾತ್ರ ಬರಲ್ಲ. ಆಮೇಲೆ ಯಾವಾಗಲೋ ತಾನಾಗೇ ಹೊಳೆಯುತ್ತೆ. ಪೇಪರ್ ಓದಿ ಚೆನ್ನಾಗಿ ಚರ್ಚೆ ಮಾಡ್ತಾರೆ. ಡಾಕ್ಟರಿಗೆ ತೋರಿಸಬೇಕಾ ಮೇಡಂ?

ಉತ್ತರ (ವಾಕ್ ಚಿಕಿತ್ಸಕಿ): ನೀವು ಬರೆದಷ್ಟರಲ್ಲಿ ಇದು ವಯಸ್ಸಿನ ಸಹಜ ಲಕ್ಷಣ. ವಯಸ್ಸಾದಂತೆ ಸಡಿಲವಾಗೋದು ಪದದ ಅರ್ಥ ಅಲ್ಲ, ಅರ್ಥದಿಂದ ಅದರ ಧ್ವನಿಗೆ ಹೋಗೋ ಕೊಂಡಿ. ಶಬ್ದಸಂಪತ್ತು 60 ದಾಟಿದ ಮೇಲೂ ಉಳಿದಿರುತ್ತೆ, ಎಷ್ಟೋ ಸಲ ಕಿರಿಯರಿಗಿಂತ ಜಾಸ್ತಿಯೇ. ‘ಮೇಷ್ಟ್ರು’ ಅನ್ನೋ ಪದಕ್ಕೆ ಶಾಲೆ, ಪಾಠ, ಹಾಜರಿ ಅಂತ ಹಲವು ಕಡೆಯಿಂದ ದಾರಿ ಇದೆ. ‘ನಾಗರಾಜ’ ಅನ್ನೋ ಹೆಸರಿಗೂ ಆ ಮುಖಕ್ಕೂ ಹಾಗೆ ಯಾವ ಅರ್ಥಸಂಬಂಧವೂ ಇಲ್ಲ, ಬದಲಿ ಪದವೂ ಇಲ್ಲ. ಬಹಳ ದಿನ ಬಳಸದ ಹೆಸರಾದರಂತೂ ಇನ್ನೂ ಕಷ್ಟ.

ಮನೆಯವರು ಸಾಮಾನ್ಯವಾಗಿ ‘ಅದೇ, ಹಾಸನದವರು’ ಅಂತ ಸುಳಿವು ಕೊಡ್ತಾರೆ. ಅದು ಅವರಿಗೆ ಗೊತ್ತಿರೋದೇ, ಪ್ರಯೋಜನ ಇಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, ನಿಮಗೆ ಹೆಸರು ಗೊತ್ತಿದ್ದರೆ ಮೊದಲ ಅಕ್ಷರ ‘ನಾ…’ ಹೇಳಿ. ‘ಸುರೇಶನಾ? ರಮೇಶನಾ?’ ಅಂತ ಸುರಿಮಳೆ ಬೇಡ. ತಪ್ಪು ಹೆಸರೇ ತಲೆಯಲ್ಲಿ ಕೂತುಬಿಡುತ್ತೆ. ಇನ್ನು ದಿನವಿಡೀ ‘ಇದೇನು ಹೇಳಿ ನೋಡೋಣ’ ಅಂತ ಪರೀಕ್ಷೆ ಮಾಡೋದಂತೂ ದಯವಿಟ್ಟು ಬಿಡಿ.

ಪ್ರಶ್ನೆ: ನಮ್ಮತ್ತೆಗೆ ಮದುವೆಮನೆಯಲ್ಲಿ ಮಾತೇ ಅರ್ಥ ಆಗಲ್ಲ. ಅರ್ಥ ಮಾಡ್ಕೊಳ್ಳೋ ಶಕ್ತಿ ಹೋಯ್ತಾ?

ಉತ್ತರ: ಮೊದಲು ಕಿವಿ ಪರೀಕ್ಷೆ ಮಾಡಿಸಿ. ವಯಸ್ಸಿನ ಕಿವುಡಿನಲ್ಲಿ ಮೊದಲು ಕೇಳಿಸದೇ ಹೋಗೋದು ತೀಕ್ಷ್ಣವಾದ (ಹೈ ಪಿಚ್) ಸದ್ದುಗಳು. ಹಾಗಾಗಿ ದನಿ ಕೇಳುತ್ತೆ, ಸ, ಶ, ತ ಥರದ ವ್ಯಂಜನ ಕೇಳಲ್ಲ. ಗದ್ದಲದಲ್ಲಿ ಇನ್ನೂ ಕಡಿಮೆ. ಕಿರುಚಿದರೆ ಉಪಯೋಗವಿಲ್ಲ. ಮನೆಯಲ್ಲಿ ಟೀವಿ ಆರಿಸಿ, ಮುಖ ಕಾಣುವಂತೆ ಎದುರು ನಿಂತು, ಒಂದು ಸಲಕ್ಕೆ ಒಂದೇ ವಿಷಯ ಹೇಳಿ. ಉದ್ದದ ವಾಕ್ಯದಲ್ಲಿ ಕೊನೆ ತಲುಪೋ ಹೊತ್ತಿಗೆ ಮೊದಲಿನದು ಜಾರುತ್ತೆ.

ಪ್ರಶ್ನೆ: ಹಾಗಾದ್ರೆ ಹೆದರಬೇಕಾದ್ದು ಯಾವಾಗ?

ಉತ್ತರ: ದಿನಾ ಬಳಸೋ ಸೌಟು, ಬೀಗದಂಥ ಪದಗಳೇ ಪದೇ ಪದೇ ತಪ್ಪಿ, ‘ಸೌ…’ ಅಂದರೂ ಬರದಿದ್ದರೆ. ಅದಕ್ಕಿಂತ ಮುಖ್ಯವಾಗಿ, ಪದ ಹೇಳಿಕೊಟ್ಟ ಮೇಲೂ ‘ಸೌಟು ಅಂದ್ರೇನು?’ ಅಂತ ಕೇಳಿದರೆ. ಆಗ ನರರೋಗ ತಜ್ಞರ ಹತ್ತಿರ ಹೋಗಿ. ಮೈಸೂರಿನ ವಾಕ್ ಶ್ರವಣ ಸಂಸ್ಥೆ, ಬೆಂಗಳೂರಿನ ನಿಮ್ಹಾನ್ಸ್‌ನಲ್ಲೂ ಪರೀಕ್ಷೆ ಇದೆ. ಬಿ12, ಥೈರಾಯ್ಡ್ ನೋಡಿಸಿ. ನಿದ್ದೆ ಮಾತ್ರೆ, ಅಲರ್ಜಿ ಮಾತ್ರೆಗಳ ಚೀಟಿ ಒಯ್ಯಿರಿ, ಕೆಲವು ಮಾತ್ರೆ ತಲೆ ಮಂಕು ಮಾಡ್ತವೆ. ಮಾತು ಇದ್ದಕ್ಕಿದ್ದಂತೆ ತಡವರಿಸಿದರೆ ಮಾತ್ರ ಕಾಯಬೇಡಿ. ಅದು ಪಾರ್ಶ್ವವಾಯು ಇರಬಹುದು, ಹೆಪ್ಪು ಕರಗಿಸೋ ಇಂಜೆಕ್ಷನ್‌ಗೆ ಸಾಮಾನ್ಯವಾಗಿ ಇರೋ ಅವಧಿ ನಾಲ್ಕೂವರೆ ಗಂಟೆ. ಸ್ಕ್ಯಾನ್ ಇರೋ ಆಸ್ಪತ್ರೆಗೇ ನೇರ ಹೋಗಿ.